ಎರಡು ಬಣ್ಣದ ಕುಲಾಯಿ

೧೧ ನವೆಂಬರ್ ೨೦೨೪, ಸೋಮವಾರ
ಆಳಂದ

ಈ ನೋಟ್‌ಬುಕ್ ತಂದದ್ದು ಹೆಣಿಗೆಯ ಸಾಲು ಬರೆದಿಡಲು. ಮೇಲಿನ ಖೋಲಿಯಲ್ಲಿ ಬಾಡಿಗೆಗಿರುವ ನರ್ಸ್ ಪಂಚಶೀಲಾ ನಿನ್ನೆಯಿಂದ ನನಗೆ ಎರಡು ಬಣ್ಣದ ಉಲನ್ ಹೆಣಿಗೆ ಕಲಿಸುತ್ತಿದ್ದಾಳೆ. "ಆಂಟಿ, ಯಾ ಸಾಲಿನ್ಯಾಗ ಯಾ ಬಣ್ಣ ಅಂತ ಬರದಿಡ್ರಿ. ತಲ್ಯಾಗ ಇಟ್ಕೋತೇನಿ ಅಂದ್ರ ಎಲ್ಲಾ ಕಲಸ್ಕೋತದ" ಎಂದಳು. ಬರೆಯಲು ಕುಳಿತರೆ ಹೆಣೆದದ್ದು ನಾಲ್ಕೇ ಸಾಲು, ಪುಟವೆಲ್ಲ ಖಾಲಿ. ಖಾಲಿ ಜಾಗ ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಪೆನ್ನೂ ಹಾಗೆಯೇ ಎಂದು ಇವತ್ತು ಗೊತ್ತಾಯಿತು.

ಕೈಯಲ್ಲಿರುವ ಕೆಲಸ ಇಷ್ಟು. ನಿಂಬರ್ಗಾದ ಮಾಸ್ತರರ ಮಗಳ ಮದುವೆಗೆ ಹಳೇ ಸೀರೆ ಕೂಡಿಸಿ ಹೊಲಿಯುವ ಕೌದಿ, ಅರ್ಧ ಆಗಿದೆ. ಮಹಿಳಾ ಮಂಡಳಿಗೆ ಉಲನ್ ತೋರಣ, ಶುರುವಾಗಿದೆ ಅಷ್ಟೆ. ಶಿವರಾತ್ರಿಯೊಳಗೆ ಮಠಕ್ಕೆ ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಇಪ್ಪತ್ತೊಂದು ಶಿವದಾರ ಹೊಸೆದು ಕೊಡಬೇಕು, ಆ ನೂಲು ಇನ್ನೂ ಕರೀಮಸಾಬರ ಅಂಗಡಿಯಲ್ಲೇ ಇದೆ. ಇದರ ಮೇಲೆ ಕೂಸಿನ ಈ ಉಲನ್ ಟೊಪ್ಪಿಗೆ. ನಮ್ಮ ಯಜಮಾನರು ಬಸ್ ಕಂಡಕ್ಟರ್. "ನಾಕ ಗಾಡಿ ಡ್ಯೂಟಿ ಒಬ್ಬಾಕಿಗೇ ಹಾಕ್ಯಾರಲ್ಲ, ಯಾ ಡಿಪೋದಾಕಿ ನೀ?" ಎಂದು ನಕ್ಕರು.

ಟೊಪ್ಪಿಗೆ ಯಾರಿಗೆ ಎಂದು ಅತ್ತೆ ಕೇಳಿದರು. ಗಿರಾಕಿಗೆ ಎಂದೆ.

ನಿನ್ನೆ ನನ್ನ ತವರು ಜೇವರ್ಗಿಯಲ್ಲಿ ಭುವನೇಶ್ವರಿಯ ಕುಬಸ ಆಯಿತಂತೆ. ಅವಳು ನನ್ನ ತಮ್ಮ ಮಹೇಶನ ಹೆಂಡತಿ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಬಸಿರು, ಈಗ ಏಳನೇ ತಿಂಗಳು. ಮಹೇಶ ಫೋನ್ ಮಾಡಿ ಕರೆದದ್ದು ಇವರಿಗೆ, ನನಗಲ್ಲ. ಒಡಹುಟ್ಟಿದ ಅಕ್ಕನನ್ನು ಬೇರೆಯವರ ಬಾಯಿಂದ ಕರೆಸಿದರೆ ಅದು ಕರೆದಂತೆಯೇ? ಹೋಗಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಏನು ಮಾಡುತ್ತಾರೋ ನೋಡಬೇಕು. ಕಿವಿಯಲ್ಲಿ ಹೆಸರು ಹೇಳಲು ಸೋದರತ್ತೆಯೇ ಬೇಕು. ಕೂಸಿನ ತಲೆಗೆ ಕುಲಾಯಿ ತೊಡಿಸುವವಳೂ ಅವಳೇ, ಹೆಸರು ಹೇಳಿದ ಕೂಡಲೇ ಸುತ್ತ ಕುಳಿತ ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವವಳೂ ಅವಳೇ. ಮಹೇಶನಿಗೆ ಇರುವವಳು ನಾನೊಬ್ಬಳೇ ಅಕ್ಕ. ಆ ಜಾಗದಲ್ಲಿ ಇನ್ನಾರನ್ನೋ ಕೂರಿಸಿದರೆ ಅಲ್ಲಿಗೆ ನನ್ನ ತವರು ಮುಗಿಯಿತು. ಮುಗಿದರೆ ಮುಗಿಯಲಿ.

ಅವ್ವ ದಿನ ಮುಗಿಯುವ ಮೊದಲು, ಆ ದಿನ ಒಳ್ಳೆಯದು ಮಾಡಿದ ಯಾರಾದರೂ ಒಬ್ಬರನ್ನು ನೆನೆದು ಶರಣು ಎನ್ನುತ್ತಿದ್ದಳು. ಹಾಲಿನವನಾದರೂ ಸರಿ. ಆ ರೂಢಿ ನನಗೂ ಬಂದಿದೆ. ಇವತ್ತಿನ ಶರಣು ಗ್ಯಾಸ್ ಸಿಲಿಂಡರ್ ತಂದುಕೊಟ್ಟವನಿಗೆ. ಬೇರೆ ಯಾರೂ ನೆನಪಾಗುತ್ತಿಲ್ಲ.

೧೫ ನವೆಂಬರ್, ಶುಕ್ರವಾರ

ಕರೀಮಸಾಬರ ಅಂಗಡಿಗೆ ಹೋಗಿದ್ದೆ. ಹಳದಿ ಉಲನ್ ಇತ್ತು, ತೊಗರಿ ಹೂವಿನದೇ ಬಣ್ಣ. ಜೊತೆಗೆ ಯಾವುದು ಕೂಡುತ್ತದೆ ಎಂದು ಕೇಳಿದೆ. ಅವರು ಎದ್ದು ಬಾಗಿಲ ಬೆಳಕಿಗೆ ಬಂದು ಒಂದೊಂದೇ ಉಂಡೆ ಹಳದಿಯ ಪಕ್ಕ ಹಿಡಿದು ನೋಡಿದರು. "ಇದ ನೋಡ್ರಿ ಬೆಹನ್, ತೊಗರಿ ಹೂವಿನ ಬೆನ್ನಿಗೆ ಇರೂ ಕೆಂಪು. ದೇವ್ರು ಮೊದಲ ಕೂಡಸಿಟ್ಟಾನ, ನಾವ್ಯಾಕ ತಲಿ ಕೆಡಸ್ಕೋಬೇಕು?" ಖರೆ ಮಾತು. ಇವತ್ತಿನ ಶರಣು ಅವರಿಗೆ.

ಕೌದಿಗೆ ಕೂತಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಮಾಸ್ತರರ ಹೆಂಡತಿ ತಮ್ಮ ತಾಯಿಯ ಹಳೆಯ ಸೀರೆಗಳನ್ನೆಲ್ಲ ಜೋಪಾನವಾಗಿ ಗಂಟು ಕಟ್ಟಿ ಕೊಟ್ಟಿದ್ದಾರೆ. ನನ್ನ ಅವ್ವ ತೀರಿಕೊಂಡಾಗ ಹದಿನಾಲ್ಕು ಸೀರೆ ಬಿಟ್ಟು ಹೋಗಿದ್ದಳು. ಅವುಗಳಿಂದ ಕೌದಿ ಹೊಲಿಯುತ್ತೇನೆ, ಬಂದು ಒಯ್ಯುತ್ತೇನೆ ಎಂದು ಮಹೇಶನಿಗೆ ಹೇಳಿದ್ದೆ. ಎರಡು ತಿಂಗಳ ಮೇಲೆ ಹೋದರೆ ಕಪಾಟು ಖಾಲಿ. ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಓಣಿಗೆ ಬಂದಿದ್ದಳಂತೆ, ಭುವನೇಶ್ವರಿ ಹದಿನಾಲ್ಕೂ ಸೀರೆ ಕೊಟ್ಟು ಒಂದು ಸ್ಟೀಲ್ ಬೋಗುಣಿ ತೆಗೆದುಕೊಂಡಿದ್ದಳು. ನನಗೆ ತೋರಿಸಿದಳು ಕೂಡ, ದಪ್ಪ ತಳದ್ದು ಅಕ್ಕಾರ ಎಂದು. ಮಹೇಶ ಅವಳಿಗೆ ಹೇಳಿರಲಿಲ್ಲವಂತೆ. ಹೇಳದಿದ್ದರೇನು, ತಿಳಿಯಬಾರದೇ?

ಒಂದೆರಡು ಮಾತು ಆಡಿದೆ. ಯಾರಿದ್ದರೂ ಆಡುತ್ತಿದ್ದರು. ಮೂರು ವರ್ಷವಾಯಿತು, ಆ ಹೊಸ್ತಿಲು ತುಳಿದಿಲ್ಲ.

೨೭ ನವೆಂಬರ್, ಬುಧವಾರ

ಟೊಪ್ಪಿಗೆ ಮುಗಿಯಿತು. ಹೊರಗಿನಿಂದ ನೋಡಿದರೆ ಏನು ಚಂದ! ಕೌದಿಯ ಅಂಚಿಗೆ ಹಚ್ಚುವ ಮೂರು ಮೂಲೆಯ ತುಂಡುಗಳನ್ನೇ ಹೆಣಿಗೆಯಲ್ಲಿ ತಂದಿದ್ದೇನೆ, ಹಳದಿಯ ಮೇಲೆ ಕೆಂಪು. ಪಂಚಶೀಲಾ ಕೂಸಿನ ತಲೆಯ ಅಳತೆಗೆಂದು ತಂಬಿಗೆಗೆ ತೊಡಿಸಿ ನೋಡಿದಳು. ಹೋಗಲಿಲ್ಲ. ಅದಕ್ಕಿಂತ ಸಣ್ಣ ಚಂಬಿಗೂ ಹೋಗಲಿಲ್ಲ. ಕೊನೆಗೆ ಚಹಾ ಕುಡಿಯುವ ಲೋಟಕ್ಕೆ ಸರಿಯಾಗಿ ಕೂತಿತು. ಇವರು ಬಿದ್ದು ಬಿದ್ದು ನಕ್ಕರು. "ಲೋಟಕ್ಕ ಥಂಡಿ ಹತ್ತಂಗಿಲ್ಲ ಬಿಡು ಇನ್ನ."

ನಾನು ಸಿಟ್ಟಿನಿಂದ ಎಸೆದದ್ದು ಅತ್ತೆಯ ಮಡಿಲಲ್ಲಿ ಬಿತ್ತು. ಅತ್ತೆ ಗೌರಾಬಾಯಿ ಎಂದರೆ ಒಂದು ಕಾಲಕ್ಕೆ ಸರಸಂಬಾದಿಂದ ಕೌದಿ ಹೊಲಿಸಿಕೊಳ್ಳಲು ಜನ ಹುಡುಕಿಕೊಂಡು ಬರುತ್ತಿದ್ದರು. ಈಗ ಅತ್ತೆಗೆ ಬೆಳಕು ನೆರಳು ಬಿಟ್ಟು ಏನೂ ಕಾಣುವುದಿಲ್ಲ. ಟೊಪ್ಪಿಗೆಯನ್ನು ತಿರುವಿ ಹಾಕಿ, ಒಳಮೈ ಮೇಲೆ ಬೆರಳಾಡಿಸಿದರು.

"ಜಯಮಾಲಾ, ಹಿಂದಿನ ಎಳಿ ಎಷ್ಟ ಬಿಗಿ ಎಳದೀ ಬೇ! ಕೌದಿ ಹೊಲದಾಂಗ ಹೆಣದೀಯಲ್ಲ. ಕೌದಿ ಮೈಮ್ಯಾಲ ಸುಮ್ನ ಬಿದ್ದಿರ್ತದ, ಅದಕ್ಕ ಬಿಗಿ ಬೇಕು. ಇದು ತಲಿ ಹಿಡೀಬೇಕು, ಹಿಗ್ಗಬೇಕು. ಮುಂದ ಒಂದ ಬಣ್ಣ ಕಾಣುವಾಗ ಹಿಂದ ಇನ್ನೊಂದ ಸುಮ್ನ ಕೂತಿರ್ತದ ನೋಡು, ಅದಕ್ಕೂ ಉಸರಾಡಾಕ ಜಾಗಾ ಬಿಡು."

ಎರಡು ಬಣ್ಣದ ಹೆಣಿಗೆಯನ್ನು ಹುಟ್ಟಾ ನೋಡದ ಮುದುಕಿ, ಕಣ್ಣಿಲ್ಲದೆ, ಒಂದು ನಿಮಿಷದಲ್ಲಿ ಹೇಳಿದರು. ಮೂವತ್ತು ವರ್ಷ ದಾರ ಜಗ್ಗಿ ಗಂಟು ಹಾಕಿದ ಕೈ ನನ್ನದು. ಬಿಡು ಎಂದರೆ ಹೇಗೆ ಬಿಡುವುದೋ ಅದಕ್ಕೆ ಗೊತ್ತಿಲ್ಲ.

ಆಮೇಲೆ ಅತ್ತೆ ಮೆಲ್ಲಗೆ ಹೇಳಿದರು, "ಗಿರಾಕಿದ ಇದ್ರ ಸರಿ. ಇನ್ನೂ ಹುಟ್ಟಲಾರದ ಕೂಸಿಗೆ ಮೊದಲ ಕುಲಾಯಿ ಮಾಡಿ ಇಡಬಾರದು." ಗಿರಾಕಿದೇ ಎಂದೆ. ಲೋಟದ ಟೊಪ್ಪಿಗೆಯನ್ನು ಹೊಲಿಗೆ ಮಷಿನ್ ಪೆಟ್ಟಿಗೆಯಲ್ಲಿ ಹಾಕಿದೆ.

೩ ಡಿಸೆಂಬರ್, ಮಂಗಳವಾರ

ಬಣ್ಣ ಬದಲಿಸುವ ಮೊದಲು ಸೂಜಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಅಗಲಿಸಬೇಕು, ಆಮೇಲೆ ಎಳೆ ತರಬೇಕು. ಪಂಚಶೀಲಾ ಹೇಳಿಕೊಟ್ಟ ಉಪಾಯ. ಹೊಸ ಟೊಪ್ಪಿಗೆ ಆರು ಸಾಲು ಆಯಿತು. ಒಂದು ಸಾಲು ಮತ್ತೆ ಬಿಗಿ, ಬಿಚ್ಚಿದೆ. ಬಿಗಿಯಾದ ಸಾಲು ಯಾವುದು ಎಂದರೆ ಮಹೇಶನ ಫೋನ್ ಇವರಿಗೆ ಬಂದಾಗ ಹೆಣೆದದ್ದು.

೮ ಡಿಸೆಂಬರ್, ರವಿವಾರ

ಇವತ್ತು ಸುಖದ ದಿನ. ಅಂಗಳದ ಬಿಸಿಲಲ್ಲಿ ಕೌದಿ ಹಾಸಿಕೊಂಡು ನಾನು ಒಂದು ತುದಿ, ಅತ್ತೆ ಇನ್ನೊಂದು ತುದಿ. ಅವರು ನೂಲು ತೀಡುತ್ತಾರೆ, ನಾನು ಹೊಲಿಯುತ್ತೇನೆ. ಪಂಚಶೀಲಾ ರಾತ್ರಿ ಪಾಳಿ ಮುಗಿಸಿ ಬಂದವಳು ಮಲಗದೆ ತೋರಣಕ್ಕೆ ಹತ್ತು ಹೂ ಕಟ್ಟಿಕೊಟ್ಟು ಹೋದಳು. ಕೇಳಿರಲಿಲ್ಲ. ಅವಳಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಕೊಟ್ಟೆ. ಹೊಸ ಟೊಪ್ಪಿಗೆ ತಂಬಿಗೆಗೆ ಹೋಗುತ್ತದೆ. ಇವತ್ತು ಇಬ್ಬರಿಗೆ ಶರಣು, ತಂಬಿಗೆಗೂ ಸೇರಿ ಮೂರು.

೧೯ ಡಿಸೆಂಬರ್, ಗುರುವಾರ

ಭುವನೇಶ್ವರಿಗೆ ನಿನ್ನೆ ಹೆರಿಗೆ ಆಗಿದೆ. ಹೆಣ್ಣು. ದಿನ ತುಂಬಿರಲಿಲ್ಲ. ಒಂದು ಕಿಲೋ ಆರುನೂರು ಗ್ರಾಂ. ಕಲಬುರ್ಗಿ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

೨೧ ಡಿಸೆಂಬರ್, ಶನಿವಾರ

ಇದು ನಾನೇ ಮಾಡಿದ್ದು. ಹುಟ್ಟುವ ಮೊದಲೇ ಕುಲಾಯಿ ಹೆಣೆದು ಇಟ್ಟೆ, ಒಂದಲ್ಲ ಎರಡು. ಗಿರಾಕಿದು ಎಂದು ಅತ್ತೆಗೆ ಸುಳ್ಳು ಹೇಳಿದೆ.

ಪಂಚಶೀಲಾಳ ಮುಂದೆ ಬಾಯಿ ಬಿಟ್ಟೆ. "ಆಂಟಿ, ಬಿಪಿ ಏರಿತ್ತಂತ ಜಲ್ದಿ ಹೆರಿಗಿ ಮಾಡ್ಯಾರ. ನಿಮ್ಮ ಉಲನ್‌ಗೆ ಅಷ್ಟ ತಾಕತ್ತ ಇದ್ರ ನಮಗ ಇಂಜೆಕ್ಷನ್ ಯಾಕ ಬೇಕಿತ್ರಿ?" ಎಂದು ಗದರಿಸಿದಳು. ಅವಳು ಹೇಳಿದ್ದು ತಲೆಗೆ ಹೋಯಿತು, ಹೊಟ್ಟೆಗೆ ಇಳಿಯಲಿಲ್ಲ.

ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು "ಇದಕ್ಕ ಒಂದ ಉಪಾಯ ಅದ" ಎಂದರು. "ಆ ಬಿಗಿ ಟೊಪ್ಪಿಗಿ ಬಿಚ್ಚಬೇಕು. ಮನ್ಯಾಗಲ್ಲ. ಕೂಸ ಎಲ್ಲಿ ಅದ ಅಲ್ಲೇ ಹೋಗಿ ಬಿಚ್ಚಬೇಕು. ಬಿಚ್ಚಿದ ಎಳಿ ಕೂಸಿನ ಅಪ್ಪನ ಎರಡೂ ಕೈಗೆ ಸುತ್ತಬೇಕು. ಅಂದ್ರ ಮಾಡಿದ್ದು ಮಾಡಲಾರದಾಂಗ ಆಗ್ತದ."

ಇಂಥ ಪದ್ಧತಿ ನಾನು ಎಲ್ಲೂ ಕೇಳಿರಲಿಲ್ಲ. ಹಿರಿಯರಿಗೆ ಏನೇನೋ ಗೊತ್ತಿರುತ್ತದೆ. ನಾನು ಒಳಗೆ ಹೋದ ಮೇಲೆ ಇವರೂ ಅತ್ತೆಯೂ ಏನೋ ಪಿಸುಗುಟ್ಟುತ್ತಿದ್ದರು. ಸೋಮವಾರ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾರೆ ಇವರು. ರಜೆಯನ್ನು ಆಗಲೇ ಬರೆದು ಕೊಟ್ಟಿದ್ದರಂತೆ.

೨೩ ಡಿಸೆಂಬರ್, ಸೋಮವಾರ

ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಮಹೇಶ ಗೋಡೆಗೆ ಒರಗಿ ನಿಂತಿದ್ದ. ಗಡ್ಡ ಬಂದಿದೆ. ಕಿವಿಯ ಹತ್ತಿರ ಬೆಳ್ಳಗಾಗಿದೆ. ನನ್ನ ತಮ್ಮನಿಗೆ ಕೂದಲು ಯಾವಾಗ ಬೆಳ್ಳಗಾಯಿತು?

"ಬಂದ್ಯಾ ಅಕ್ಕಾ?"

"ಬಂದೆ. ಕೈ ಮುಂದ ಹಿಡಿ."

ಯಾಕೆ ಎಂದು ಕೇಳಲಿಲ್ಲ. ಎರಡೂ ಕೈ ಮುಂದೆ ಚಾಚಿ ಹೆಬ್ಬೆರಳು ಮೇಲೆ ಮಾಡಿ ಹಿಡಿದ. ಅವ್ವ ಶಿವದಾರಕ್ಕೆ ನೂಲು ಸುತ್ತುವಾಗ ಹೀಗೆಯೇ ಹಿಡಿಯುತ್ತಿದ್ದ, ಏಳು ವರ್ಷದವನಿದ್ದಾಗ. ಕೈ ಸೋತರೂ ಇಳಿಸುತ್ತಿರಲಿಲ್ಲ. ನಾನು ಬೆಂಚಿನ ಮೇಲೆ ಕೂತು ಟೊಪ್ಪಿಗೆ ಬಿಚ್ಚಿದೆ, ಅವನ ಕೈಗೆ ಸುತ್ತಿದೆ. ಹಳದಿ ಒಂದು ಸಲ, ಕೆಂಪು ಒಂದು ಸಲ. ಹೋಗಿಬರುವವರು ನೋಡಿ ನಗುತ್ತಿದ್ದರು. ಅರ್ಧಕ್ಕೆ ಬಂದಾಗ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನನ್ನ ಸೆರಗಿನಿಂದ ಒರೆಸಿದೆ.

ಕೂಸನ್ನು ಗಾಜಿನಾಚೆಯಿಂದ ನೋಡಿದೆ. ನನ್ನ ಮೊಳದಷ್ಟೂ ಉದ್ದವಿಲ್ಲ. ಅಲ್ಲಿನ ಸಿಸ್ಟರ್‌ಗೆ ಎರಡನೆಯ ಟೊಪ್ಪಿಗೆ ತೋರಿಸಿದೆ. ಚಂದ ಇದೆ, ಆದರೆ ದೊಡ್ಡದು, ಮೇಲಾಗಿ ಒಳಗಿನ ಎಳೆಗಳಿಗೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ ಎಂದರು. ಒಂದೇ ಬಣ್ಣದ್ದು, ಸಣ್ಣದು, ಒಳಗೆ ಮೆತ್ತನೆಯ ಹಳೇ ಹತ್ತಿ ಅರಿವೆ ಹಚ್ಚಿದ್ದು ತನ್ನಿ ಎಂದರು.

ಭುವನೇಶ್ವರಿಯ ಮಂಚದ ಹತ್ತಿರ ಹೋದೆ. ಎಚ್ಚರವಿದ್ದಳು. ನನ್ನನ್ನು ನೋಡಿ ಗೋಡೆಯ ಕಡೆ ಹೊರಳಿದಳು.

೨೪ ಡಿಸೆಂಬರ್, ಮಂಗಳವಾರ

ಒಂದೆರಡು ಮಾತು ಆಡಿದೆ ಎಂದು ಹಿಂದಿನ ಪುಟದಲ್ಲಿ ಬರೆದಿದ್ದೇನೆ. ಯಾವ ಮಾತು ಎಂದು ಬರೆದಿಲ್ಲ. ಇವತ್ತು ಬರೆಯುತ್ತೇನೆ.

"ತಾಯಿ ಸೀರಿ ಅಂದ್ರೇನು ಅಂತ ತಾಯಿ ಇಲ್ಲದ ಬೆಳದಾಕಿಗೆ ಹ್ಯಾಂಗ ಗೊತ್ತಾಗಬೇಕು? ತಾನರ ತಾಯಿ ಆಗಿದ್ರ ತಿಳೀತಿತ್ತು."

ಅವಳ ತಾಯಿ ಅವಳು ಎರಡು ವರ್ಷದವಳಿದ್ದಾಗ ತೀರಿಕೊಂಡದ್ದು. ನಾನು ಹೀಗೆ ಆಡಿದಾಗ ಅವಳಿಗೆ ಮದುವೆಯಾಗಿ ಆರು ವರ್ಷ, ದವಾಖಾನೆಗೆ ತಿರುಗಿ ತಿರುಗಿ ಸೋತಿದ್ದಳು. ಎರಡೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ. ಬೋಗುಣಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು.

೩೦ ಡಿಸೆಂಬರ್, ಎಳ್ಳಮಾವಾಸ್ಯೆ

ಎಲ್ಲರೂ ಹೊಲಕ್ಕೆ ಹೋಗಿ ಭೂತಾಯಿಗೆ ಚರಗದ ಎಡೆ ಚೆಲ್ಲಿ ಸಜ್ಜೆ ಕಡುಬು, ಭಜ್ಜಿ ಉಂಡು ಬಂದರು. ನಾನು ಹೋಗಲಿಲ್ಲ. ಮೂರು ಟೊಪ್ಪಿಗೆ ಮುಗಿಸಿದೆ, ಒಂದೊಂದೂ ಮೂಸಂಬಿಯಷ್ಟು. ಒಳಗೆ ಹಚ್ಚಲು ಅರಿವೆ ಹುಡುಕುತ್ತಿದ್ದೆ, ಅತ್ತೆ ತಾವು ಉಟ್ಟ ಸೀರೆಯ ಸೆರಗನ್ನೇ ಮುಂದೆ ಚಾಚಿದರು. "ಇದಕ್ಕಿಂತ ಮೆತ್ತಂದ ಈ ಮನ್ಯಾಗ ಇಲ್ಲ. ಕತ್ತರಿಸು." ಒಗೆದು ಒಗೆದು ಬೆಣ್ಣೆಯಾಗಿದ್ದ ಹತ್ತಿಯ ಇಳಕಲ್ ಸೀರೆ. ಮೂರಕ್ಕೂ ಸಾಲುವಷ್ಟು ಕತ್ತರಿಸಿದೆ. ಅವರು ನಗುತ್ತಿದ್ದರು.

ಪಂಚಶೀಲಾ ಮೂರನ್ನೂ ಬಿಸಿನೀರಲ್ಲಿ ಒಗೆದು, ಬಿಸಿಲಿಗೆ ಒಣಗಿಸಿ, ಚೀಲದಲ್ಲಿ ಹಾಕಿಕೊಟ್ಟಳು. ಇವರು ನಾಳೆ ಬಸ್ಸಿನಲ್ಲಿ ಒಯ್ಯುತ್ತಾರೆ. ನನಗೆ ಸಿಕ್ಕಂಥ ಮನೆಯವರು ಎಷ್ಟು ಜನಕ್ಕೆ ಸಿಗುತ್ತಾರೆ? ಯಾರಿಗೆ ಎಂದು ಶರಣು ಹೇಳಲಿ.

೧೨ ಜನವರಿ ೨೦೨೫, ರವಿವಾರ

ಕೂಸು ಪೆಟ್ಟಿಗೆಯಿಂದ ಹೊರಗೆ ಬಂದಿದೆ! ಎರಡು ಕಿಲೋಗೆ ಸ್ವಲ್ಪ ಕಡಿಮೆ. ಭುವನಾ ಎದೆಗೆ ಅವುಚಿಕೊಂಡು ಕೂತಿದ್ದಳು, ತಲೆಗೆ ನಮ್ಮ ಟೊಪ್ಪಿಗೆ.

ಇದು ನಾನು ಹೋದದ್ದು ಐದನೇ ಸಲ. ನಾಲ್ಕು ಸಲ ಅವಳು ನನ್ನೊಡನೆ ಮಾತಾಡಿರಲಿಲ್ಲ. ಇವತ್ತು ಕೇಳಿದಳು, "ಒಳಗ ಹಚ್ಚಿದ ಅರಿವಿ ಯಾರದ್ರಿ?"

"ನಮ್ಮ ಅತ್ತೀದು. ಉಟ್ಟ ಸೀರಿ ಕತ್ತರಿಸಿ ಕೊಟ್ರು."

ಅವಳು ಟೊಪ್ಪಿಗೆಯ ಅಂಚನ್ನು ಬೆರಳಿನಿಂದ ಮುಟ್ಟುತ್ತಾ ಕೂತಳು. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ, ಒಂದೂ ನೆನಪಾಗಲಿಲ್ಲ. "ಭುವನಾ, ಅವತ್ತ ನಾ ಆಡಿದ ಮಾತ ಆಡಬಾರದಿತ್ತು. ಸೀರಿ ಹೋದ್ರ ಹೋಗಲಿ. ಮಾಫ ಮಾಡು" ಎಂದೆ.

"ನನಗ ಒಂದೊಂದ ಅಕ್ಷರ ನೆನಪ ಅದ್ರಿ ಅಕ್ಕಾರ" ಎಂದಳು. ಅಷ್ಟೇ. ಕೂಸಿಗೆ ಹಾಲು ಕುಡಿಸಲು ಸೆರಗು ಹೊದ್ದಳು. ನಾನು ಎದ್ದು ಬಂದೆ.

ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. ಅಳಬೇಕು ಅನ್ನಿಸಿತು, ಅಷ್ಟೇ. ಅವಳ ಮೇಲೆ ಸಿಟ್ಟು ಮಾತ್ರ ಬರಲಿಲ್ಲ. ನೆನಪಿಟ್ಟುಕೊಳ್ಳುವುದು ಅವಳ ಹಕ್ಕು.

೨೦ ಜನವರಿ, ಸೋಮವಾರ

ಕೌದಿ ಮುಗಿಯಿತು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಹಿಡಿ ಜೋಳ ಹಾಕಿದೆವು, ಕೌದಿ ಹಸಿದಿರಬಾರದು ಎಂದು ಅತ್ತೆಯ ಕಾಲದಿಂದ ನಮ್ಮ ಮನೆಯಲ್ಲಿ ನಡೆದುಬಂದದ್ದು. ತೋರಣವನ್ನು ಮಂಡಳಿಯವರು ಒಯ್ದರು. ಶಿವದಾರ ಒಂಬತ್ತು ಆಗಿವೆ.

ಭುವನಾ ಮತ್ತು ಕೂಸು ಜೇವರ್ಗಿಯ ಮನೆಗೆ ಬಂದರಂತೆ. ಆಸ್ಪತ್ರೆಯ ಪಡಸಾಲೆಯಲ್ಲಿ ಬಿಚ್ಚಿದ ಉಲನ್ ತೊಳೆದು ಒಣಹಾಕಿದ್ದೆ, ಸುರುಳಿ ಹೋಗಿ ನೆಟ್ಟಗಾಗಿದೆ. ಅದರಲ್ಲೇ ಹೊಸ ಕುಲಾಯಿ ಶುರು ಮಾಡಿದೆ. ಕರೆಯುತ್ತಾರೋ ಇಲ್ಲವೋ, ಕುಲಾಯಿಯನ್ನಂತೂ ಕಳಿಸುತ್ತೇನೆ. ಹೆಸರು ಹೇಳಲು ಬೇರೆಯವರು ಕೂತರೂ ಕೂಸಿನ ತಲೆ ಬೆಚ್ಚಗಿದ್ದರೆ ಸಾಕು. ಒಳಗೆ ಅರಿವೆಯನ್ನು ಮೊದಲೇ ಹಚ್ಚುತ್ತಿದ್ದೇನೆ.

೭ ಫೆಬ್ರುವರಿ, ಶುಕ್ರವಾರ

ಫೋನ್ ಬಂತು. ನನ್ನ ಫೋನಿಗೆ. ಮಹೇಶ ಅಲ್ಲ, ಭುವನಾ.

"ಅಕ್ಕಾರ, ಬರೂ ರವಿವಾರ ಬಿಟ್ಟು ಮುಂದಿನ ರವಿವಾರ ತೊಟ್ಟಿಲ. ಕಿವ್ಯಾಗ ಹೆಸರ ಹೇಳಾಕ ನೀವ ಬರಬೇಕ್ರಿ."

ನನ್ನ ಬಾಯಿಂದ ಮಾತು ಹೊರ ಬರಲಿಲ್ಲ. ನನ್ನ ಬಾಯಿಂದ!

"ಕೇಳಾಕತ್ತೀರಿಲ್ಲೋ? ಬೆನ್ನ ಗಟ್ಟಿ ಮಾಡ್ಕೊಂಡ ಬರ್ರಿ" ಎಂದು ಇಟ್ಟುಬಿಟ್ಟಳು.

೧೬ ಫೆಬ್ರುವರಿ, ರವಿವಾರ
ಜೇವರ್ಗಿ

ಅವ್ವನ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸಂಜೆಯ ಬಿಸಿಲು ಹೊಸ್ತಿಲಿಗೆ ಬಂದಿದೆ. ಅತ್ತೆ ಪಕ್ಕದಲ್ಲಿ ಕೂತು ಕೂಸಿನ ಪಾದ ಮುಟ್ಟಿ ಮುಟ್ಟಿ ನೋಡುತ್ತಿದ್ದಾರೆ. ಪಂಚಶೀಲಾ ಸೀರೆ ಉಟ್ಟು ಬಂದಿದ್ದಳು, ಗುರುತೇ ಸಿಗಲಿಲ್ಲ.

ಬೆಳಿಗ್ಗೆ ಬಂದ ಕೂಡಲೇ ಭುವನಾ, "ಕೂಸಿಗೆ ಎರದ ಮ್ಯಾಲ ಹೊಸ ಕುಲಾಯಿ ತೊಡಸೋಣು, ನೀವ ನೀರ ಹಾಕ್ರಿ" ಎಂದಳು. ಬಚ್ಚಲಿನಲ್ಲಿ ಕಾಲು ಚಾಚಿ ಕೂತೆ, ಕಾಲ ಮೇಲೆ ಕೂಸನ್ನು ಮಲಗಿಸಿದರು. ಮಹೇಶ ಬಿಸಿನೀರು ಬೆರೆಸಿ ತಂದಿಟ್ಟ. ನೀರು ಇದ್ದದ್ದು ಆ ಬೋಗುಣಿಯಲ್ಲಿ. ದಪ್ಪ ತಳದ್ದು, ಅಂಚಿಗೆ ಆಗಲೇ ಒಂದು ತಗ್ಗು ಬಿದ್ದಿದೆ. ಭುವನಾ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ನಾನು ಕೈಯದ್ದಿ ನೀರಿನ ಹದ ನೋಡಿದೆ. ಹದವಾಗಿತ್ತು. ಮೊದಲ ತಂಬಿಗೆ ಸುರಿದಾಗ ಕೂಸು ಅಳಲಿಲ್ಲ, ಕಣ್ಣು ಮುಚ್ಚಿ ಬಾಯಿ ಚಪ್ಪರಿಸಿತು. ಅವ್ವ ಇದ್ದಿದ್ದರೆ ಈ ಸ್ನಾನಕ್ಕಾಗಿ ಹದಿನಾಲ್ಕು ಸೀರೆಗಳನ್ನೂ ತಾನೇ ಗಂಟು ಕಟ್ಟಿ ಕೊಡುತ್ತಿದ್ದಳು. "ಪಾತ್ರಿ ಬೇಷ್ ಅದ ಭುವನಾ" ಎಂದೆ. ಅವಳು ಒಳಗೆ ಹೋಗಿಬಿಟ್ಟಳು.

ಕುಲಾಯಿ ಸರಿಯಾಗಿ ಕೂತಿತು. ತಲೆಗೆ ತಕ್ಕಷ್ಟು ಹಿಗ್ಗಿತು, ಹಣೆಗೆ ಗುರುತೂ ಬೀಳಲಿಲ್ಲ. ಕರೀಮಸಾಬರಿಗೆ ತೋರಿಸಲೆಂದು ಇವರು ಫೋಟೊ ತೆಗೆದರು.

ಕೂಸಿಗೆ ಅವ್ವನ ಹೆಸರೇ ಇಡುತ್ತಾರೆ ಎಂದು ನಾನು ಮನಸ್ಸಿನಲ್ಲಿ ಹಿಡಿದಿದ್ದೆ. ಭುವನಾ ನನ್ನ ಕಿವಿಯಲ್ಲಿ ಹೇಳಿದ್ದು ನೀಲಾಂಬಿಕಾ, ಅವಳ ತಾಯಿಯ ಹೆಸರು. ಎಷ್ಟು ಚಂದದ ಹೆಸರು! ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಿದೆ. ಹೇಳಿ ಮುಗಿಸುವುದೇ ತಡ, ಹೆಂಗಸರು ಬೆನ್ನಿಗೆ ಗುದ್ದತೊಡಗಿದರು. ಶಾಸ್ತ್ರದ ಗುದ್ದು, ಬಳೆ ಸಪ್ಪಳವೇ ಹೆಚ್ಚು. ಎಲ್ಲರೂ ನಗುತ್ತಿದ್ದರು, ನಾನೂ.

ಬಾಣಂತಿ ಗುದ್ದುವ ಪದ್ಧತಿ ಇಲ್ಲ. ಭುವನಾ ಎದ್ದು ಬಂದಳು. ಹೆಂಗಸರು ಸರಿದು ಜಾಗ ಬಿಟ್ಟರು. ಬಳೆ ಮೇಲೆ ಸರಿಸಿ, ಮುಷ್ಟಿ ಕಟ್ಟಿ, ಒಂದೇ ಒಂದು ಗುದ್ದು. ಉಸಿರು ಹೊರಗೆ ಬಿದ್ದಂತಾಯಿತು, ತೊಟ್ಟಿಲು ಹಿಡಿದುಕೊಂಡೆ.

"ಇದ ಮೂರ ವರ್ಷದ್ದ್ರಿ ಅಕ್ಕಾರ" ಎಂದಳು.

ಆಮೇಲೆ ಮುಷ್ಟಿ ಬಿಚ್ಚಿ, ಅದೇ ಜಾಗದ ಮೇಲೆ ಅಂಗೈ ಇಟ್ಟು ತಿಕ್ಕಿದಳು. ಬಹಳ ಹೊತ್ತು ತಿಕ್ಕಿದಳು. ಇಬ್ಬರೂ ಅಳುತ್ತಿದ್ದೆವು. ಕೂಸು ಮಾತ್ರ ನಿದ್ದೆ ಹೋಗಿತ್ತು.

ಬೆನ್ನು ಇನ್ನೂ ನೋಯುತ್ತಿದೆ. ಇವರು ಮುಲಾಮು ಹಚ್ಚಲೇ ಎಂದು ಕೇಳಿದರು, ಬೇಡ ಎಂದೆ. ಇವತ್ತಿನ ಶರಣು ಭುವನೇಶ್ವರಿಯ ಬಲಗೈಗೆ.